ಬಸ್ಸು ತಪ್ಪಿಸುತ್ತಿದ್ದದ್ದು ನಮ್ಮ ಗಂಟೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಳ್ಳುತ್ತೇನೆ. ಎರಡು ವರ್ಷದ ಹಿಂದೆ ಪರಿಸರ ದಿನಕ್ಕೆಂದು ‘ಸೋಮವಾರ ಬಸ್ಸು, ಸೈಕಲ್’ ಎಂದು ಫಲಕ ಬರೆಸಿ ಗೇಟಿನ ಬಳಿ ನಿಲ್ಲಿಸಿದೆ. ಮೊದಲ ವಾರ ಹುರುಪಿತ್ತು. ನಾಲ್ಕನೆಯ ವಾರ ಆ ಫಲಕದ ಬುಡದಲ್ಲೇ ಸ್ಕೂಟರುಗಳು ಸಾಲುಗಟ್ಟಿದವು. ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಆ ಸಿಟ್ಟನ್ನು ಇಳಿಸಿದವರು ಪ್ಯಾಕಿಂಗ್ ವಿಭಾಗದ ಒಬ್ಬ ಹೆಣ್ಣುಮಗಳು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವರಿಗೆ ನಗರ ಸಾರಿಗೆ ಬಸ್ಸು ಉಚಿತ. ಆದರೂ ಸಾಲ ಮಾಡಿ ಕೊಂಡ ಸ್ಕೂಟರಿನಲ್ಲಿ ಬರುತ್ತಿದ್ದರು. ಏಕೆಂದು ಕೇಳಿದೆ. “ಐದೂವರೆಗೆ ಗಂಟೆ ಹೊಡೆಯುತ್ತದೆ. ಚೀಲದ ತಪಾಸಣೆ ಮುಗಿಸಿ ರಸ್ತೆಗೆ ಬರುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ಇನ್ನೊಂದಕ್ಕೆ ಕಾದರೆ ಮನೆ ಸೇರುವಾಗ ಕತ್ತಲೆ. ಮಗು ಒಂದೇ ಇರುತ್ತದೆ ಸಾರ್” ಎಂದರು.

ಮರುದಿನದಿಂದ ಒಂದು ವಾರ ಪುಸ್ತಕ ಹಿಡಿದು ನಿಲ್ದಾಣದಲ್ಲಿ ನಿಂತೆ. ಬಸ್ಸು ಹೋಗುವುದು ಐದೂ ಮೂವತ್ತೈದರ ಸುಮಾರಿಗೆ, ನಮ್ಮ ತಪಾಸಣೆಯ ಸಾಲು ಕರಗಲು ಬೇಕಿದ್ದದ್ದು ಹನ್ನೆರಡು ನಿಮಿಷ. ಪಾಳಿಯನ್ನು ಕಾಲು ಗಂಟೆ ಹಿಂದಕ್ಕೆ ತಂದು, ತಪಾಸಣೆಗೆ ಇನ್ನೊಂದು ಸಾಲು ತೆರೆಯಲು ಆಡಳಿತ ಮಂಡಳಿಯನ್ನು ಒಪ್ಪಿಸುವುದರಲ್ಲಿ ಎರಡು ತಿಂಗಳು ಹೋಯಿತು. ಗಂಟೆಯ ಹೊತ್ತು ಬದಲಾದ ತಿಂಗಳಲ್ಲೇ ಬಸ್ಸಿನವರ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಏರಿತು. ಫಲಕವನ್ನು ನಾನೇ ತೆಗೆಸಿದೆ.

ಆಮೇಲೆ ಭತ್ಯೆಯ ಪಟ್ಟಿ ತೆರೆದು ನೋಡಿದಾಗ ನಾಚಿಕೆಯಾಯಿತು. ಮೇಲ್ವಿಚಾರಕರಿಗೆ ಪೆಟ್ರೋಲ್ ಭತ್ಯೆ ಕೊಡುತ್ತಿದ್ದೆವು. ಸೈಕಲ್ ತುಳಿದು ಬಂದವನಿಗೆ ಏನೂ ಇಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅದನ್ನು ಉರಿಸುವುದಕ್ಕೇ ನಾವು ಹಣ ಕೊಡುತ್ತಿದ್ದೆವು! ಈಗ ಅದು ಪ್ರಯಾಣ ಭತ್ಯೆ: ನಡೆದು ಬಂದರೂ ಅಷ್ಟೇ, ಕಾರಿನಲ್ಲಿ ಬಂದರೂ ಅಷ್ಟೇ. ಗೇಟಿನ ಪಕ್ಕದ ನೆರಳಿನ ಶೆಡ್ಡು ಸೈಕಲ್‌ಗಳಿಗೆ ಬಂತು, ಕಾರುಗಳು ಹಿಂದಿನ ಬಯಲಿಗೆ ಹೋದವು. ಕೆಲವು ಹಿರಿಯ ಅಧಿಕಾರಿಗಳು ಇಂದಿಗೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ.

ಮಂಡ್ಯ, ಪಾಂಡವಪುರದ ಕಡೆಯವರದ್ದು ಬೇರೆ ಕಥೆ. ಮಂಡ್ಯದಿಂದ ಇಲ್ಲಿಗೆ 45 ಕಿಲೋಮೀಟರ್ ಹತ್ತಿರ. ಅಷ್ಟು ದೂರ ಬೈಕಿನಲ್ಲಿ ಬರುತ್ತಿದ್ದವರಿಗೆ ರೈಲು ಬೇಡವಾಗಿರಲಿಲ್ಲ, ಮೈಸೂರು ನಿಲ್ದಾಣದಿಂದ ಹೆಬ್ಬಾಳಕ್ಕೆ ದಿನವೂ ಆಟೋ ಹಿಡಿಯುವುದು ಭಾರವಾಗಿತ್ತು. ಬೆಳಗ್ಗೆ, ಸಂಜೆ ಒಂದು ವ್ಯಾನ್ ಬಿಟ್ಟೆವು. ರೈಲಿನವರಿಗೆ ಹಾಜರಿಯಲ್ಲಿ ಅರ್ಧ ಗಂಟೆಯ ವಿನಾಯಿತಿಯನ್ನೂ ಕೊಟ್ಟೆವು. ಅದಿಲ್ಲದಿದ್ದರೆ ಸಂಬಳ ಕಡಿತಕ್ಕೆ ಹೆದರಿ ಯಾರೂ ಬೈಕು ಬಿಡುತ್ತಿರಲಿಲ್ಲ.

ಇನ್ನೊಂದು ಭಯವಿತ್ತು: ಮಧ್ಯಾಹ್ನ ಮನೆಯಿಂದ ತುರ್ತು ಕರೆ ಬಂದರೆ? ಬಸ್ಸು, ರೈಲು, ಸೈಕಲ್ಲಿನಲ್ಲಿ ಬಂದವರನ್ನು ಅಂಥ ಹೊತ್ತಿನಲ್ಲಿ ಕಾರ್ಖಾನೆಯ ಖರ್ಚಿನಲ್ಲೇ ಮನೆಗೆ ಕಳಿಸುತ್ತೇವೆ ಎಂದು ಬರೆದುಕೊಟ್ಟೆವು. ದುರುಪಯೋಗವಾದೀತೆಂದು ಲೆಕ್ಕಪತ್ರ ವಿಭಾಗ ಆತಂಕಪಟ್ಟಿತು. ಇಡೀ ವರ್ಷದಲ್ಲಿ ಅದನ್ನು ಬಳಸಿದವರು ಮೂವರು.

ಎರಡನೆಯ ಪಾಳಿಯವರಿಗೆ ಮಾತ್ರ ಇನ್ನೂ ಏನೂ ಮಾಡಲಾಗಿಲ್ಲ. ರಾತ್ರಿ ಹನ್ನೊಂದೂವರೆಗೆ ಬಸ್ಸಿಲ್ಲ, ಅವರು ಬೈಕಿನಲ್ಲೇ ಹೋಗುತ್ತಾರೆ. ಪಕ್ಕದ ಎರಡು ಕಾರ್ಖಾನೆಗಳೊಂದಿಗೆ ಸೇರಿ ಬಸ್ಸೊಂದನ್ನು ಬಾಡಿಗೆಗೆ ಪಡೆಯುವ ಮಾತು ನಡೆದಿದೆ. ಮೂರೂ ಕಡೆ ಗಂಟೆ ಒಂದೇ ಹೊತ್ತಿಗೆ ಹೊಡೆಯಬೇಕು. ಗುರುವಾರ ಸಭೆಯಿದೆ, ನನ್ನ ಪುಸ್ತಕ ತೆಗೆದುಕೊಂಡು ಹೋಗುತ್ತೇನೆ.