ಅರ್ಧ ಸೆಕೆಂಡ್ ತಡ ಮಾಡಿದ ಮಾತ್ರಕ್ಕೆ ಅದು ಸ್ಲೋ ಕಾರ್ಡ್ ಆಗ್ಲಿಲ್ಲ

ಕಾರವಾರದ ಬೈತಖೋಲ್ ಬಂದರಿನ ಹತ್ರ ಒಂದು ಐಸ್ ಪ್ಲಾಂಟಲ್ಲಿ ನಾವು ಮಾಡಿದ ಟೆಂಪರೇಚರ್ ಲಾಗರ್ ಕೂತಿದೆ. ಸಣ್ಣ ಲಿನಕ್ಸ್ ಬೋರ್ಡು, ಒಂದು ಎಸ್‌ಡಿ ಕಾರ್ಡು, ಅಷ್ಟೇ. ಅದು ದಿನಕ್ಕೆ ಎರಡ್ಮೂರು ಸಲ ತನ್ನಷ್ಟಕ್ಕೆ ರೀಬೂಟ್ ಆಗೋಕೆ ಶುರು ಆಯ್ತು. ನಾನು ಕೂತು ಕೆಲಸ ಮಾಡೋದು ಶಿರಸಿಲಿ, ನನ್ನ ಲ್ಯಾಪ್‌ಟಾಪಲ್ಲಿ ಅದೇ ಪ್ರೋಗ್ರಾಮು ವಾರಗಟ್ಲೆ ಓಡಿದ್ರೂ ಎಂತದೂ ಆಗ್ತಿರ್ಲಿಲ್ಲ, ಯಾಕಂದ್ರೆ ಇಲ್ಲಿರೋದು ಎನ್‌ವಿಎಂಇ, ಅಂದ್ರೆ ಜೋರು ಓಡೋ ಡಿಸ್ಕು, ಅಲ್ಲಿರೋದು ಸವೆದ ಕಾರ್ಡು. ಆಗಸ್ಟ್ 1ಕ್ಕೆ ಟ್ರಾಲಿಂಗ್ ನಿಷೇಧ ಮುಗಿದು ಬೋಟೆಲ್ಲ ಇಳೀತವೆ, ಅಷ್ಟ್ರೊಳಗೆ ಸರಿಮಾಡ್ಬೇಕು, ಅದೂ ಜೋರು ಮಳೆಲಿ ಪ್ರತಿ ಸಲ ದೇವಿಮನೆ ಘಾಟ್ ಇಳಿದು ಹೋಗೋದು ಅಂದ್ರೆ ಆಗೋ ಮಾತಲ್ಲ ಮಾರಾಯ್ರೆ.

ಸರಿ, ಸ್ಲೋ ಕಾರ್ಡನ್ನ ಇಲ್ಲೇ ಹುಟ್ಟಿಸೋಣ ಅಂತ ಲಿನಕ್ಸ್ ಕರ್ನಲ್ಲಿನ (ಅಂದ್ರೆ ಸಿಸ್ಟಮ್ಮಿನ ತಿರುಳಿನ) ಡಿವೈಸ್ ಮ್ಯಾಪರ್ ಹಿಡ್ಕೊಂಡೆ, ಅದು ನಿಜವಾದ ಡಿಸ್ಕಿನ ಮೇಲೆ ಇನ್ನೊಂದು ತೋರಿಕೆ ಡಿಸ್ಕ್ ಕೂರಿಸುತ್ತೆ. ಅದ್ರಲ್ಲಿ ಡಿಎಂ-ಡಿಲೇ ಅಂತ ಒಂದು ಟಾರ್ಗೆಟ್ ಇದೆ. ಡಿವೈಸ್‌ನಲ್ಲಿ 512 ಬೈಟಿನ ಸೆಕ್ಟರ್ ಎಷ್ಟಿದೆ ಅಂತ ಕೊಟ್ಟು, ಎಷ್ಟು ಮಿಲಿಸೆಕೆಂಡ್ ತಡ ಬೇಕು ಅಂತ ಹೇಳಿದ್ರೆ, ಮೇಲಿಂದ ಬರೋ ಪ್ರತಿ ರಿಕ್ವೆಸ್ಟನ್ನ ಅಷ್ಟೊತ್ತು ಹಿಡಿದಿಟ್ಟು ಆಮೇಲೆ ಕೆಳಗೆ ಬಿಡುತ್ತೆ. ರೀಡಿಗೆ, ರೈಟಿಗೆ, ಫ್ಲಶ್‌ಗೆ ಬೇರೆ ಬೇರೆ ತಡ ಕೊಡೋಕೂ ಬರುತ್ತೆ. 500 ಕೊಟ್ಟೆ. ಫೈಲಿಗೆ ಬರೆದು ನೋಡಿದ್ರೆ ಒಂಚೂರೂ ಸ್ಲೋ ಇಲ್ಲ! ಪೇಜ್ ಕ್ಯಾಶ್ ಮರ್ತೇ ಹೋಗಿತ್ತು, ರೈಟ್ ಅನ್ನೋದು ಮೆಮೊರಿಗೆ ಹಾಕಿ ವಾಪಸ್ ಬಂದ್ಬಿಡುತ್ತೆ, ಡಿಸ್ಕಿನ ಬಿಸಿ ತಟ್ಟೋದು, ಡಿಸ್ಕಿಗೆ ಬಿದ್ದಿದ್ದು ಖಾತ್ರಿ ಆಗೋವರೆಗೂ ಕಾಯೋ ಎಫ್‌ಸಿಂಕ್ ಕರೆದಾಗ. ಅದನ್ನ ಕರೆದ್ರೆ ಅರ್ಧ ಸೆಕೆಂಡ್ ಅಲ್ಲ, ಎರಡು ಸೆಕೆಂಡ್ ಹತ್ರ ಹತ್ರ ಹಿಡೀತು, ಯಾಕಂದ್ರೆ ಎಕ್ಸ್‌ಟಿ4 ಫೈಲ್‌ಸಿಸ್ಟಮ್ಮಲ್ಲಿ ಮೊದಲು ಡೇಟಾ, ಆಮೇಲೆ ಜರ್ನಲ್ (ಏನು ಬದಲಾಯ್ತು ಅಂತ ಅದು ಇಟ್ಕೊಳ್ಳೋ ಲೆಕ್ಕ), ಆಮೇಲೆ ಫ್ಲಶ್, ಕಮಿಟ್, ಒಂದಾದ್ಮೇಲೆ ಒಂದು, ಪ್ರತಿಯೊಂದಕ್ಕೂ ಅದೇ ತಡ ಬೀಳುತ್ತೆ. ಪ್ರೋಗ್ರಾಮು ಆಗಾಗ ತಟ್ಟದಿದ್ರೆ ಬೋರ್ಡನ್ನ ರೀಬೂಟ್ ಮಾಡೋ ಟೈಮರು, ವಾಚ್‌ಡಾಗ್, ಇರೋದು 15 ಸೆಕೆಂಡಿಗೆ. ಎರಡು ಸೆಕೆಂಡ್ ತಡೆದುಕೊಳ್ತು ಅಂದ್ರೆ ನಮ್ ಕೋಡ್ ಗಟ್ಟಿ ಅಂತ ಖುಷಿಲಿ, ತಪ್ಪು ಬೋರ್ಡಿನ ಪವರ್ ಸಪ್ಲೈದು ಅಂತ ಹೇಳಿ ಅದನ್ನ ಬದಲಿ ಹಾಕಿಸಿದೆ. ಮೂರನೇ ದಿನ ಮತ್ತೆ ರೀಬೂಟು, ಪ್ಲಾಂಟಿನವರ ಹತ್ರ ಬೈಸ್ಕೊಂಡೆ.

ನನಗೆ ಹೊಳೀದೇ ಇದ್ದಿದ್ದು ಇದು. ಡಿಎಂ-ಡಿಲೇ ಅಂದ್ರೆ ದೇವಿಮನೆ ಘಾಟ್ ಇದ್ದಂಗೆ: ಪ್ರತಿ ಗಾಡಿಗೂ ಹೊತ್ತು ಜಾಸ್ತಿ ಹಿಡಿಯುತ್ತೆ, ಆದ್ರೆ ನಲವತ್ತು ಗಾಡಿ ಒಂದ್ರ ಹಿಂದೆ ಒಂದು ಹತ್ತಿದ್ರೂ ಎಲ್ಲವೂ ಹೆಚ್ಚೂಕಡಿಮೆ ಅದೇ ಹೊತ್ತಿಗೆ ಮೇಲೆ ಸೇರ್ತವೆ. ನಿಜವಾದ ಕಾರ್ಡ್ ಅಂದ್ರೆ ತದಡಿಯಿಂದ ಅಘನಾಶಿನಿಗೆ ದಾಟಿಸೋ ಬಾರ್ಜು. ಹಿಡಿಯೋದು ಇಷ್ಟೇ, ಮಿಕ್ಕವರು ದಡದಲ್ಲಿ ನಿಲ್ಬೇಕು. ನಮ್ಮ ಲಾಗರಿನಲ್ಲಿ ಇನ್ನೊಂದು ಪ್ರೊಸೆಸ್ಸು ಆಗಾಗ ಹಳೆ ಲಾಗನ್ನೆಲ್ಲ ಸೇರಿಸಿ 40 ಎಂಬಿ ಫೈಲ್ ಮಾಡ್ತಿತ್ತು. ಆ ಕಾರ್ಡಿನ ಸ್ಪೀಡು ಸೆಕೆಂಡಿಗೆ 2 ಎಂಬಿ. ಡಿಲೇ ಹಾಕಿದ ಲ್ಯಾಪ್‌ಟಾಪಲ್ಲಿ ಆ 40 ಎಂಬಿ ಒಟ್ಟಿಗೇ ಅರ್ಧ ಸೆಕೆಂಡ್ ಕಾದು ಒಟ್ಟಿಗೇ ಮುಗೀತಿತ್ತು, ಕಾರ್ಡಲ್ಲಿ 20 ಸೆಕೆಂಡ್, ಮತ್ತೆ ಅದ್ರ ಹಿಂದೆ ಸಿಕ್ಕಿಬಿದ್ದ ನಮ್ಮ ನೂರು ಬೈಟಿನ ಎಫ್‌ಸಿಂಕೂ 20 ಸೆಕೆಂಡ್.

ಇದನ್ನ ತೋರಿಸೋಕೆ, ಪ್ರೊಸೆಸ್ಸುಗಳ ಗುಂಪಿಗೆ ಡಿಸ್ಕ್ ಸ್ಪೀಡಿನ ಮಿತಿ ಹಾಕೋ ಸಿಗ್ರೂಪ್‌ನ ಐಒ.ಮ್ಯಾಕ್ಸ್ ಹಾಕಿ ನೋಡಿದೆ, ಕೆಲಸಕ್ಕೆ ಬರ್ಲಿಲ್ಲ. ಜರ್ನಲ್ ಬರೆಯೋ ಜೆಬಿಡಿ2 ಕರ್ನಲ್ ಥ್ರೆಡ್ಡು ರೂಟ್ ಗ್ರೂಪಲ್ಲಿರುತ್ತೆ, ನಾನು ಹಾಕಿದ ಲಿಮಿಟ್ಟು ಅದಕ್ಕೆ ತಾಗೋದೇ ಇಲ್ಲ. ಕೊನೆಗೆ ಎಲ್ಲಾನೂ ಕ್ಯೂಇಎಂಯು ಅನ್ನೋ ವರ್ಚುವಲ್ ಮಷೀನ್ ಒಳಗೆ ಹಾಕಿ ಡ್ರೈವಿನ ಮೇಲೇ ರೈಟ್ ಲಿಮಿಟ್ ಸೆಕೆಂಡಿಗೆ 2097152 ಬೈಟ್ (ಅದೇ 2 ಎಂಬಿ) ಅಂತ ಕೊಟ್ಟೆ, ಆಗ ಒಳಗೆ ಓಡೋ ಗೆಸ್ಟಿನ ಕರ್ನಲ್ಲಿಗೆ ಇಡೀ ಡಿಸ್ಕೇ ಬಡವ. ಮೊದಲನೇ ರಾತ್ರಿನೇ ವಾಚ್‌ಡಾಗ್ ಕಚ್ತು.

ಫೀಲ್ಡಿನ ಲಾಗಲ್ಲಿ ಒಂದು ಸಾಲೂ ಸುಳಿವು ಯಾಕಿರ್ಲಿಲ್ಲ ಅಂತನೂ ಆಗ್ಲೇ ಗೊತ್ತಾಗಿದ್ದು. ಟಾಸ್ಕ್ ಬ್ಲಾಕ್ ಆಗಿದೆ ಅಂತ ಕರ್ನಲ್ ಬರೆಯೋದು ಡೀಫಾಲ್ಟಾಗಿ 120 ಸೆಕೆಂಡ್ ಆದ್ಮೇಲೆ, ನಮ್ಮ ವಾಚ್‌ಡಾಗ್ 15ಕ್ಕೇ ಕತ್ತು ಹಿಡೀತಿತ್ತು. ಟೆಸ್ಟಿಗೆ ಆ ಹಂಗ್ ಟಾಸ್ಕ್ ಟೈಮ್‌ಔಟನ್ನ 5ಕ್ಕೆ ಇಳಿಸಿದೆ. ಸೀರಿಯಲ್ ಕನ್ಸೋಲಲ್ಲಿ ಸ್ಟ್ಯಾಕ್ (ಯಾವ ಫಂಕ್ಷನ್ನಲ್ಲಿ ನಿಂತಿದೆ ಅನ್ನೋ ಪಟ್ಟಿ) ಬಂತು, ಸೆನ್ಸರ್ ಓದ್ಬೇಕಾದ ಥ್ರೆಡ್ಡು ಡಿ ಸ್ಟೇಟಲ್ಲಿ, ಅಂದ್ರೆ ಎಬ್ಬಿಸೋಕಾಗದ ನಿದ್ದೆಲಿ, ಜೆಬಿಡಿ2 ಕಮಿಟ್ ಮುಗೀಲಿ ಅಂತ ಬಾಯಿ ಬಿಟ್ಕೊಂಡು ಕೂತಿದೆ. ಸೆನ್ಸರ್ ಓದಿ, ಬರೆದು, ಎಫ್‌ಸಿಂಕ್ ಮಾಡಿ, ವಾಚ್‌ಡಾಗ್ ತಟ್ಟೋದು, ಎಲ್ಲ ಒಂದೇ ಥ್ರೆಡ್ಡಲ್ಲಿ ಬರೆದವನು ನಾನೇ.

ರಿಪೇರಿ ಅರ್ಧ ದಿನದ್ದು: ಓದೋ ಲೂಪು ಮೆಮೊರಿ ಕ್ಯೂಗೆ ಹಾಕಿ ಮುಂದೆ ಹೋಗುತ್ತೆ, ಬರೆಯೋದಕ್ಕೆ ಬೇರೆ ಥ್ರೆಡ್ಡು, ದೊಡ್ಡ ಫೈಲು ಒಂದೊಂದು ಎಂಬಿಗೆ ಸಿಂಕ್ ಮಾಡ್ತಾ ಹೋಗುತ್ತೆ.

ಕಾರ್ಡು ಒಳಗೊಳಗೇ ಹಳೆ ಜಾಗ ಗುಡಿಸ್ಕೊಳ್ತಾ ಪೂರ್ತಿ ನಿಂತ್ಬಿಡೋದಕ್ಕೆ ಈಗ ಬೇರೆ ಟೆಸ್ಟಿದೆ, ಡಿವೈಸ್ ಮ್ಯಾಪರಿನ ಡಿಎಂಸೆಟಪ್ ಕಮಾಂಡಿಂದ ಡಿಸ್ಕನ್ನ ಸಸ್ಪೆಂಡ್ ಮಾಡಿ 12 ಸೆಕೆಂಡ್ ಬಿಟ್ಟು ರೆಸ್ಯೂಮ್. ನೋಲಾಕ್‌ಎಫ್‌ಎಸ್ ಅನ್ನೋ ಆಪ್ಷನ್ ಕೊಡದಿದ್ರೆ ಅದು ಫೈಲ್‌ಸಿಸ್ಟಮ್ಮನ್ನೇ ಮೊದಲು ಫ್ರೀಜ್ ಮಾಡುತ್ತೆ, ನಿಜವಾದ ಕಾರ್ಡು ಅಷ್ಟು ಮರ್ಯಾದಸ್ಥ ಅಲ್ಲ. ಕ್ಯೂಇಎಂಯು ಸ್ಕ್ರಿಪ್ಟಿಗೆ ಬಾರ್ಜ್ ಅಂತ ಹೆಸರಿಟ್ಟಿದೀನಿ, ಬೆಂಗಳೂರಿಂದ ಹೊಸದಾಗಿ ಸೇರಿದ ಹುಡುಗ ಅದೆಂತ ಸಾರ್ ಅಂತ ಕೇಳ್ದ, ಮಳೆ ಬಿಡ್ಲಿ, ತದಡಿಗೆ ಕರ್ಕೊಂಡು ಹೋಗ್ತೆ ಅಂದಿದೀನಿ.