ಮೂರನೇ ದಿನ ಅಕ್ಕ ಊಟಕ್ಕೆ ಬರಲಿಲ್ಲ

ಆಫೀಸಿನಿಂದ ಹನ್ನೆರಡು ಜನರನ್ನು ಮುಳಶಿ ಹತ್ತಿರದ ಒಂದು ರೆಸಾರ್ಟ್‌ಗೆ ಕಳಿಸಿದರು. ಪುಣೆಯಿಂದ ಬಸ್ಸು, ದಾರಿಯುದ್ದಕ್ಕೂ ಜುಲೈ ಮಳೆ. ಐದು ದಿನದ ಸೆನ್ಸಿಟಿವಿಟಿ ಟ್ರೇನಿಂಗ್, ಅಂದರೆ ಗುಂಪಾಗಿ ಕೂತು ಒಬ್ಬರ ಬಗ್ಗೆ ಒಬ್ಬರು ಅನಿಸಿದ್ದನ್ನು ನೇರವಾಗಿ ಹೇಳಿಕೊಳ್ಳುವ ತರಬೇತಿ, ಅಂತ ಮೇಲ್ ಬಂದಿತ್ತು, ಬರುವುದಿಲ್ಲ ಅನ್ನಲು ಅವಕಾಶವಿರಲಿಲ್ಲ. ನಮ್ಮಲ್ಲಿ ಕನ್ನಡದವರು ಇಬ್ಬರೇ: ನಾನು, ಮತ್ತೆ ಅಕೌಂಟ್ಸ್‌ನ ವಿಜಯಪುರದ ಅಕ್ಕ.

ಗುಂಡಗೆ ಹಾಕಿದ ಕುರ್ಚಿಗಳು. ಟೇಬಲ್ ಇಲ್ಲ, ಪಾಠ ಇಲ್ಲ. ನಡೆಸುವವರು ಬಂದು ಕೂತರು, ಸುಮ್ನೆ ಕೂತರು. ಆ ಮೌನ ತಡೆಯಲಾಗದೆ ಒಬ್ಬೊಬ್ಬರೇ ಮಾತಾಡತೊಡಗಿದೆವು. ಮನೆ, ಊರು, ಹಳೇ ಕಥೆ ಬೇಡ, ಈಗ ಇಲ್ಲಿ ಎದುರಿಗಿರುವವರ ಬಗ್ಗೆ ಏನನಿಸುತ್ತಿದೆಯೋ ಅದನ್ನು ಹೇಳಿ ಅಂದರು.

ನನಗೆ ಇದರಿಂದ ಲಾಭವಾಯಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡನೇ ದಿನ ಒಬ್ಬ ಹುಡುಗ, ನನಗಿಂತ ಎಂಟು ವರ್ಷ ಚಿಕ್ಕವನು, ‘ನೀವು ಯಾರ ಮಾತನ್ನೂ ಮುಗಿಯಲು ಬಿಡುವುದಿಲ್ಲ, ಬೆಳಿಗ್ಗೆಯಿಂದ ನನ್ನದೇ ಮೂರು ಸಲ ತುಂಡು ಮಾಡಿದಿರಿ’ ಅಂದ. ಕಿವಿ ಬಿಸಿಯಾಯಿತು. ಆದರೆ ಅವನು ಹೇಳಿದ್ದು ನಿಜ. ಅವತ್ತು ರಾತ್ರಿ ಊರಿಂದ ಅಪ್ಪ ಫೋನ್ ಮಾಡಿದಾಗ ಅವರ ಮಾತು ಮುಗಿಯುವ ತನಕ ಬಾಯಿ ಬಿಗಿ ಹಿಡಿದು ಕೇಳಿದೆ. ಅಪ್ಪ ಅಷ್ಟು ಹೊತ್ತು ಮಾತಾಡಿದ್ದು ನನಗೆ ನೆನಪೇ ಇಲ್ಲ.

ಮೂರನೇ ದಿನ ಸರದಿ ಅಕ್ಕನ ಕಡೆ ತಿರುಗಿತು. ‘ನೀವು ಯಾವಾಗಲೂ ನಗುತ್ತೀರಿ, ಆ ನಗು ಸುಳ್ಳು ಅನಿಸುತ್ತದೆ’ ಅಂತ ಒಬ್ಬರು ಶುರು ಮಾಡಿದರು. ಇನ್ನೊಬ್ಬರು ಹೌದು ಅಂದರು, ಮತ್ತೊಬ್ಬರು ಸೇರಿಕೊಂಡರು. ನಡೆಸುವವರು ಮುಂದಕ್ಕೆ ಬಾಗಿ, ಮುಖವಾಡ ತೆಗೆಯಿರಿ, ತೆಗೆಯಿರಿ ಅಂತ ಒತ್ತಾಯಿಸತೊಡಗಿದರು. ಕೊನೆಗೆ ಅಕ್ಕ ಹೋದ ವರ್ಷ ತೀರಿಕೊಂಡ ತಮ್ಮನ ವಿಷಯ ಹೇಳಿ ಬಿಕ್ಕಿ ಬಿಕ್ಕಿ ಅತ್ತರು. ತಮಗೆ ಬಂದಷ್ಟು ಹಿಂದಿಯಲ್ಲಿ, ಶಬ್ದ ಹುಡುಕುತ್ತಾ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆದರೆ ಅಕ್ಕನ ಕೈ ನೋಡಿದ್ದೆ. ಟಿಶ್ಯೂ ಪೇಪರನ್ನು ಮಡಿಸಿ, ಮಡಿಸಿ, ಇನ್ನು ಮಡಿಸಲು ಬಾರದಷ್ಟು ಚಿಕ್ಕದು ಮಾಡಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದರು. ಅದು ಹಗುರಾದವರ ಕೈ ಅಲ್ಲ.

ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಹೋಗಿ ಕೇಳಿದೆ.

‘ಯಾಕಕ್ಕಾ, ಊಟ ಬ್ಯಾಡೇನು?’

‘ಹಸಿವಿಲ್ಲೋ ತಮ್ಮಾ. ಅವನ ಹೆಸರು ಇಲ್ಲಿ ತಗೀಬಾರದಿತ್ತು. ಕರುಳು ಕಿವುಚಿದಂಗ ಆಗೇದ.’

ನಡೆಸುವವರ ಹತ್ತಿರ ಹೋಗಿ, ಅವರು ಸರಿ ಇಲ್ಲ, ಸ್ವಲ್ಪ ನೋಡಿ ಅಂದೆ. ಇವತ್ತು ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ ಹೋದವರು ಅವರೇ ಅಂದರು. ಒಳ್ಳೆಯ ಮನುಷ್ಯ, ಕೆಟ್ಟ ಉದ್ದೇಶ ಖಂಡಿತ ಇರಲಿಲ್ಲ. ಆದರೆ ಅವರಿಗೆ ಕಾಣಲಿಲ್ಲ.

ವಾಪಸ್ ಬಂದ ಮೇಲೆ ಇದರ ಬಗ್ಗೆ ಹುಡುಕಿ ಹುಡುಕಿ ಓದಿದೆ. ಇದೆಲ್ಲ ಶುರುವಾಗಿದ್ದು 1946ರಲ್ಲಿ, ಅಮೆರಿಕದ ಕನೆಕ್ಟಿಕಟ್‌ನಲ್ಲಿ, ಕರ್ಟ್ ಲೆವಿನ್ ಅನ್ನುವ ಮನೋವಿಜ್ಞಾನಿ ನಡೆಸಿದ ಒಂದು ಶಿಬಿರದಲ್ಲಿ. ಸಂಜೆ ಹೊತ್ತು ತರಬೇತಿಯವರು ಕೂತು, ಆ ದಿನ ಯಾರು ಹೇಗೆ ನಡೆದುಕೊಂಡರು ಅಂತ ಮಾತಾಡುತ್ತಿದ್ದರಂತೆ. ನಮ್ಮ ಬಗ್ಗೆ ತಾನೇ, ನಾವೂ ಕೇಳಬಹುದಾ ಅಂತ ಶಿಬಿರಕ್ಕೆ ಬಂದಿದ್ದ ಕೆಲವರೇ ಕೇಳಿದರು, ಲೆವಿನ್ ಒಪ್ಪಿದರು. ಅವರಾಗಿಯೇ ಬಂದು ಕೂತವರು. ನಾವು ಮೇಲ್ ನೋಡಿ ಬಂದವರು. ಅಕ್ಕ ಆ ಸುತ್ತಿನಿಂದ ಎದ್ದು ಹೋಗಿದ್ದರೆ ಅದು ಸೋಮವಾರ ಆಫೀಸಿನಲ್ಲಿ ಸುದ್ದಿಯಾಗುತ್ತಿತ್ತು, ಅಲ್ವಾ?

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. ಲೀಬರ್‌ಮನ್, ಯಾಲೊಮ್, ಮೈಲ್ಸ್ ಅನ್ನುವ ಮೂವರು ಸಂಶೋಧಕರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 18 ‘ಎನ್‌ಕೌಂಟರ್ ಗುಂಪು’ಗಳನ್ನು, ಅಂದರೆ ನಮ್ಮಂತೆಯೇ ಸುತ್ತ ಕೂತು ಮನಸ್ಸು ಬಿಚ್ಚಿ ಮಾತಾಡುವ ಗುಂಪುಗಳನ್ನು, ಏರ್ಪಡಿಸಿ, ಅದರಲ್ಲಿದ್ದ ಇನ್ನೂರಕ್ಕೂ ಜಾಸ್ತಿ ವಿದ್ಯಾರ್ಥಿಗಳನ್ನು ತಿಂಗಳುಗಟ್ಟಲೆ ಆದ ಮೇಲೂ ವಿಚಾರಿಸಿ, 1973ರಲ್ಲಿ ಬರೆದಿದ್ದಾರೆ. ಸುಮಾರು ಮೂರರಲ್ಲಿ ಒಂದು ಪಾಲು ಜನಕ್ಕೆ ಒಳ್ಳೆಯದಾಗಿತ್ತು. 16 ಜನಕ್ಕೆ ಬೇಗ ಮಾಯದಂಥ ಪೆಟ್ಟು ಬಿದ್ದಿತ್ತು. ಜೋರಾಗಿ ಮೇಲೆ ಬಿದ್ದು ಕೆದಕುವ ನಾಯಕರ ಗುಂಪುಗಳಲ್ಲಿ ಇಂಥವರು ಹೆಚ್ಚು. ಯಾರಿಗೆ ಪೆಟ್ಟಾಗಿದೆ ಅಂತ ಗುರುತಿಸುವುದರಲ್ಲಿ ನಾಯಕರು ಹಿಂದೆ ಬಿದ್ದಿದ್ದರು, ಪಕ್ಕದಲ್ಲಿ ಕೂತ ಜೊತೆಯವರಿಗೇ ಅದು ಚೆನ್ನಾಗಿ ಗೊತ್ತಿತ್ತು. ಆ ಸಾಲು ಓದಿ ಲ್ಯಾಪ್‌ಟಾಪ್ ಮುಚ್ಚಿಟ್ಟೆ. ನನಗೆ ಗೊತ್ತಿತ್ತು. ಆ ಕೋಣೆಯಲ್ಲಿ ‘ಸಾಕು, ಇಲ್ಲಿಗೆ ನಿಲ್ಲಿಸೋಣ’ ಅನ್ನಲು ಒಂದೇ ಒಂದು ಕ್ಷಣ ಬೇಕಿತ್ತು. ಯಾರದೋ ಮಾತು ತುಂಡು ಮಾಡಬಾರದು ಅಂತ ಹಿಂದಿನ ದಿನವಷ್ಟೇ ಕಲಿತಿದ್ದೆ, ಅವತ್ತೇ ಅದನ್ನು ಪಾಲಿಸಿ ಕೂತುಬಿಟ್ಟೆ.

ಅಕ್ಕ ಆಮೇಲೆ ಕ್ಯಾಂಟೀನ್‌ಗೆ ಎಲ್ಲರೂ ಹೋಗುವ ಹೊತ್ತಿಗೆ ಬರುವುದನ್ನು ಬಿಟ್ಟರು. ಕೆಲಸ ಎಂದಿನಂತೆ ಚೊಕ್ಕ, ಮಾತು ಎಷ್ಟು ಬೇಕೋ ಅಷ್ಟೇ, ನಗು ಮಾತ್ರ ಇಲ್ಲ. ಅದು ಸುಳ್ಳು ನಗು ಅಂದಿದ್ದರಲ್ಲ. ನನಗಂತೂ ಅದು ಎಂದೂ ಸುಳ್ಳು ಅನಿಸಿರಲಿಲ್ಲ, ಅದನ್ನೂ ಅವತ್ತು ನಾನು ಹೇಳಲಿಲ್ಲ.

ಪ್ರತಿ ನಾಗರಪಂಚಮಿಗೆ ಅವರು ದೊಡ್ಡ ಸ್ಟೀಲ್ ಡಬ್ಬಿ ತುಂಬ ಶೇಂಗಾ ಉಂಡಿ ತಂದು ಇಡೀ ಫ್ಲೋರಿಗೆ ಹಂಚುತ್ತಿದ್ದರು. ಆ ವರ್ಷ ದೊಡ್ಡ ಡಬ್ಬಿ ಬರಲಿಲ್ಲ. ಸಂಜೆ ಹೊರಡುವಾಗ ನನ್ನ ಟೇಬಲ್ ಹತ್ತಿರ ಬಂದು ಒಂದು ಸಣ್ಣ ಡಬ್ಬಿ ಇಟ್ಟರು. ‘ನಾಕ ಅದಾವ ತಮ್ಮಾ, ಮನಿಗೆ ಒಯ್ಯಿ’ ಅಂದರು, ಬಸ್ಸಿಗೆ ಹೊತ್ತಾಯಿತು ಅಂತ ಹೊರಟುಹೋದರು.