ಕಿಟಕಿ ಕಟ್ಟೆಯ ಮೂರು ಕುಂಡಗಳು

ನಮ್ಮ ಮನೆಗೆ ಬಾಲ್ಕನಿ ಇಲ್ಲ. ಇರುವುದು 2 ಅಡಿ ಉದ್ದದ ಒಂದು ಕಿಟಕಿ ಕಟ್ಟೆ. ಅದರ ಮೇಲೆ ಮೂರು ಕುಂಡ ಇಟ್ಟಿದ್ದೇನೆ.

ಮೊದಲ ಸಲ ಕೊತ್ತಂಬರಿಯನ್ನು ಕೊಂದದ್ದು ನಾನೇ, ನೀರು ಹಾಕಿ ಹಾಕಿ. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ಎಲೆ ಹಳದಿಯಾದಾಗ ಬಾಯಾರಿಕೆ ಅಂದುಕೊಂಡು ಇನ್ನೂ ಜಾಸ್ತಿ ಹಾಕಿದೆ! ಕಿತ್ತು ನೋಡಿದರೆ ಬೇರೆಲ್ಲ ಕಂದಾಗಿ, ಲೋಳೆ ಲೋಳೆ. ಕುಂಡದ ತಳದಲ್ಲಿ ತೂತೇ ಇರಲಿಲ್ಲ. ಈಗ ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡುತ್ತೇನೆ. ಒಣಗಿದ್ದರೆ ಮಾತ್ರ ನೀರು.

ಕೊತ್ತಂಬರಿ ಬೀಜ ಅಂತ ನಾವು ಕರೆಯುವುದು ನಿಜವಾಗಿ ಕಾಯಿ. ಒಳಗೆ ಎರಡು ಬೀಜ ಇರುತ್ತವೆ. ಲೋಟದ ತಳದಿಂದ ಮೆಲ್ಲಗೆ ಒತ್ತಿ, ಹೋಳು ಮಾಡಿ ಬಿತ್ತಿದೆ. ಹತ್ತನೇ ದಿನ ಮೊಳಕೆ ಬಂತು. ಕಿತ್ತು ಬೇರೆ ಕಡೆ ನೆಡಲು ಹೋಗಬೇಡಿ, ಅದರ ತಾಯಿಬೇರಿಗೆ ಅದು ಆಗಿಬರುವುದಿಲ್ಲ.

ಪುದೀನ ಹಾಗಲ್ಲ, ಮಹಾ ಗಟ್ಟಿ. ಒಂದು ಕಡ್ಡಿಯ ಕೆಳಗಿನ ಎಲೆ ತೆಗೆದು ನೀರಲ್ಲಿಟ್ಟೆ. ವಾರದೊಳಗೆ ಗೆಣ್ಣಿನಿಂದ ಬಿಳಿ ದಾರದಂಥ ಬೇರು ಇಳಿಯಿತು. ಅದಕ್ಕೆ ಒಂಟಿ ಕುಂಡವೇ ಸರಿ. ಜೊತೆಗೆ ಏನೇ ಇಟ್ಟರೂ ಜಾಗ ನುಂಗಿಬಿಡುತ್ತದೆ.

ಮೂರನೇ ಕುಂಡ ಇನ್ನೂ ಖಾಲಿ. ದಿನಾ ಬೆಳಿಗ್ಗೆ ಸುಮ್ನೆ ಅದನ್ನೇ ನೋಡುತ್ತಾ ನಿಲ್ಲುತ್ತೇನೆ.